ಕುಡುಕರ ವಾರ್ಡಿನಲ್ಲಿ ಒಂಬತ್ತು ವಾರ

ಜಪಾನಿಗೆ ಹೋಗಿ ಬಂದವರನ್ನು ಜನ ಕೇಳುವ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರವಿಲ್ಲ. ಬುಲೆಟ್ ರೈಲನ್ನು ನಾನು ಹತ್ತಲಿಲ್ಲ. ಫ್ಯೂಜಿ ಪರ್ವತವನ್ನು ಕ್ಯಾಲೆಂಡರಿನಲ್ಲಿ ನೋಡಿದೆ. ಅಲ್ಲಿ ಇದ್ದ ಒಂದು ವರ್ಷ ಚಿಲ್ಲರೆಯಲ್ಲಿ ಒಂಬತ್ತು ವಾರವನ್ನು ಒಂದು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕುಡುಕರ ವಾರ್ಡಿನಲ್ಲಿ ಕಳೆದೆ. ಆ ದೇಶದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹೆಚ್ಚುಕಡಿಮೆ ಅಲ್ಲಿ ತಿಳಿದದ್ದು. ನಮ್ಮ ದೇಶದ ಬಗ್ಗೆ ತಿಳಿಯಬೇಕಾದದ್ದು ವಾಪಸು ಬಂದ ಮೇಲೆ ತಿಳಿಯಿತು.

ಶಿಡ್ಲಘಟ್ಟ

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಶಿಡ್ಲಘಟ್ಟ ತಾಲ್ಲೂಕಿನಲ್ಲಿ ರೇಷ್ಮೆ ಕೆಲಸದ ಸರ್ಕಾರಿ ನೌಕರ. ನಮ್ಮೂರು ದಿಬ್ಬೂರಹಳ್ಳಿಯ ಸುತ್ತಮುತ್ತ ಮೊಪೆಡ್ಡಿನಲ್ಲಿ ತಿರುಗಿ, ಹುಳು ಸಾಕುವ ಮನೆಯನ್ನು ಹೇಗೆ ತೊಳೆಯಬೇಕು, ರೋಗ ಹತ್ತಿದ ಹುಳುಗಳನ್ನು ಹೇಗೆ ಬೇರ್ಪಡಿಸಬೇಕು ಎಂದು ರೈತರಿಗೆ ಹೇಳಿಕೊಡುತ್ತಿದ್ದೆ. ಬೆಳಿಗ್ಗೆ ಚೆನ್ನಾಗಿಯೇ ಹೇಳುತ್ತಿದ್ದೆ. ಮಧ್ಯಾಹ್ನದ ಮೇಲೆ ನಾಲಿಗೆ ತೊದಲುತ್ತಿತ್ತು. ರೈತರು ಮರ್ಯಾದಸ್ಥರು, ಆಗ ಬೇರೆ ಕಡೆ ನೋಡುತ್ತಿದ್ದರು.

ಬಿಳಿ ಗೂಡಿನ ತಳಿ ಸಾಕುವುದನ್ನು ಕಲಿಯಲು ಜಪಾನಿಗೆ ಒಬ್ಬರನ್ನು ಕಳಿಸಬೇಕಿತ್ತು. ಪಟ್ಟಿಯಲ್ಲಿ ನನಗಿಂತ ಮೇಲಿದ್ದವರು ತಾಯಿಯ ಕಾಯಿಲೆಯೆಂದು ಹಿಂದೆ ಸರಿದರು. ಹಾಗಾಗಿ ಅವಕಾಶ ನನಗೆ ಬಂತು.

ಕಳಿಸಲು ಹೆಂಡತಿ ಸರೋಜಾ ಮತ್ತು ಅವಳ ತಮ್ಮ ಗೋಪಿ ಬೆಂಗಳೂರಿನವರೆಗೂ ಬಂದರು. ಗೋಪಿ ಗೌರಿಬಿದನೂರಿನ ಒಂದು ಗಿರಣಿಯಲ್ಲಿ ಫಿಟ್ಟರ್. ವಯಸ್ಸು ಇಪ್ಪತ್ತೊಂಬತ್ತು, ಮದುವೆ ಇನ್ನೂ ಆಗಿರಲಿಲ್ಲ. ತಂದೆ ತಾಯಿ ಹೋದ ಮೇಲೆ ಅವನಿಗೆ ಅಕ್ಕನೇ ಎಲ್ಲ. ಓಡುವ ಯಂತ್ರದ ಶಬ್ದ ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲ ಕೆಲಸಗಾರ. ಅವನೂ ಕುಡಿಯುತ್ತಿದ್ದ. ಅವನಿಗೆ ಅದನ್ನು ಕಲಿಸಿದವನು ನಾನು.

ಚಿಕ್ಕಬಳ್ಳಾಪುರದಲ್ಲಿ ಟ್ಯಾಕ್ಸಿ ನಿಲ್ಲಿಸಿ, ಟೀ ಕುಡಿದು ಬರುತ್ತೇವೆಂದು ನಾವಿಬ್ಬರೂ ಇಳಿದು ಹೋದೆವು. ಅರ್ಧ ಗಂಟೆ ಕಳೆದು ಬಂದಾಗ ಸರೋಜಾ ನಮ್ಮಿಬ್ಬರ ಮುಖವನ್ನೂ ನೋಡಿ ಕಿಟಕಿಯ ಕಡೆ ತಿರುಗಿಕೊಂಡಳು. ವಿಮಾನ ನಿಲ್ದಾಣದ ಬಾಗಿಲಲ್ಲಿ ಮಾತ್ರ ಹೇಳಿದಳು, "ಅಲ್ಲಾದ್ರೂ ಬಿಟ್ಬಿಡ್ರಿ."

"ಜಪಾನಲ್ಲಿ ಎಲ್ಲಿ ಸಿಗುತ್ತಕ್ಕಾ," ಎಂದ ಗೋಪಿ. "ಬಾವ ವರ್ಷ ಪೂರ್ತಿ ಬರೀ ಟೀ ಕುಡ್ಕೊಂಡು ಇರ್ತಾರೆ. ಅಷ್ಟೇ."

ಬೆಟ್ಟದ ನಡುವಿನ ಊರು

ನಾನು ಸೇರಿದ ಊರು ಬೆಟ್ಟಗಳ ನಡುವೆ ಇತ್ತು. ಹಿಂದೆ ಮನೆಮನೆಯಲ್ಲೂ ಹುಳು ಸಾಕುತ್ತಿದ್ದರಂತೆ, ಈಗ ಮುದುಕರು ಮಾತ್ರ ಉಳಿಸಿಕೊಂಡಿದ್ದರು. ಹಿಪ್ಪುನೇರಳೆ ಗಿಡಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಸಾಲಾಗಿ ನಿಲ್ಲಿಸಿದ್ದರು. ತೋಟದಲ್ಲಿ ಒಂದು ಎಲೆಯೂ ಬಿದ್ದಿರಲಿಲ್ಲ. ಗೂಡು ಬೇಯಿಸುವ ವಾಸನೆ ಮಾತ್ರ ನಮ್ಮ ಶಿಡ್ಲಘಟ್ಟದ್ದೇ. ಮೊದಲ ದಿನ ಆ ವಾಸನೆ ಬಂದು ನನಗೆ ಅಳು ಬಂತು.

ತರಬೇತಿ ಕೊಡುತ್ತಿದ್ದವರು ಶಿಮುರ ಎಂಬ ಅರವತ್ತರ ಹತ್ತಿರದ ಮನುಷ್ಯ. ಹರಕು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಎರಡನೇ ದಿನವೇ ನನ್ನನ್ನು ಪುರಸಭೆಯ ಕಚೇರಿಗೆ ಕರೆದುಕೊಂಡು ಹೋದರು. ವರ್ಷಕ್ಕಿಂತ ಹೆಚ್ಚು ಕಾಲ ಉಳಿಯುವ ಪರದೇಶದವರೂ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಗೆ ಸೇರಬೇಕಿತ್ತು.

ಅಲ್ಲಿ ಒಂದು ಎಡವಟ್ಟಾಯಿತು. ಫಾರಂನಲ್ಲಿ ಮನೆತನದ ಹೆಸರು ಬೇಕು. ನಮ್ಮ ಕಡೆ ಅಂಥದ್ದೆಲ್ಲಿದೆ? ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಊರಿನ ಹೆಸರಿತ್ತು. ಕೌಂಟರಿನ ಹೆಂಗಸು ಅದನ್ನೇ ಹಿಡಿದುಕೊಂಡರು. ಹೀಗೆ ನಾನು ಜಪಾನಿನಲ್ಲಿ ದಿಬ್ಬೂರಹಳ್ಳಿ-ಸಾನ್, ನಮ್ಮ ಲೆಕ್ಕದಲ್ಲಿ ದಿಬ್ಬೂರಹಳ್ಳಿ ಅವರು, ಆದೆ. ಅವರ ಬಾಯಲ್ಲಿ ಅದು "ಜಿಬುರಹರಿ-ಸಾನ್". ಅಂಗೈಯಗಲದ ಒಂದು ವಿಮೆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿ ನನಗೆ ಕೊಟ್ಟರು. ನಮ್ಮ ಕಚೇರಿಗಳಲ್ಲಿ ಕಾಗದವನ್ನು ಮೇಜಿನ ಮೇಲೆ ಎಸೆಯುವುದನ್ನೇ ನೋಡಿದವನಿಗೆ ಆ ಚೀಟಿಯನ್ನು ಒಂದು ಕೈಯಲ್ಲಿ ಈಸಿಕೊಳ್ಳಲು ಸಂಕೋಚವಾಯಿತು.

ಗೋಪಿಯ ಮಾತು ಸುಳ್ಳೆಂದು ಅದೇ ಸಂಜೆ ಗೊತ್ತಾಯಿತು. ನನ್ನ ಕೋಣೆಯಿಂದ ಐವತ್ತು ಹೆಜ್ಜೆ ದೂರದಲ್ಲಿ ಒಂದು ಯಂತ್ರ ನಿಂತಿತ್ತು. ನಾಣ್ಯ ಹಾಕಿ ಗುಂಡಿ ಒತ್ತಿದರೆ ಅಕ್ಕಿಯ ಮದ್ಯದ ಬಾಟಲಿ ಕೆಳಗೆ ಬೀಳುತ್ತದೆ. ಶಿಡ್ಲಘಟ್ಟದ ಸಾರಾಯಿ ಅಂಗಡಿಯವನು ಕೆಲವು ದಿನ, "ಸಾಕು ಮನೆಗ್ ಹೋಗಿ ಸಾರ್, ಅಮ್ಮಾವ್ರು ಕಾಯ್ತಿರ್ತಾರೆ," ಎಂದಾದರೂ ಹೇಳುತ್ತಿದ್ದ. ಯಂತ್ರ ಏನೂ ಹೇಳುತ್ತಿರಲಿಲ್ಲ.

ಜನರೂ ಕುಡಿಯುತ್ತಿದ್ದರು. ವಾರಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುವಾಗ ತನ್ನ ಲೋಟವನ್ನು ತಾನೇ ತುಂಬಿಕೊಳ್ಳಬಾರದು, ಪಕ್ಕದವರು ತುಂಬಬೇಕು. ನನ್ನ ಲೋಟ ಬೇಗ ಬೇಗ ಖಾಲಿಯಾಗುತ್ತಿತ್ತು, ಪಕ್ಕದವರಿಗೆ ಅದೇ ಕೆಲಸವಾಯಿತು. ಒಮ್ಮೆ ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆ ಹುಳುಗಳನ್ನು ಸಿಹಿ ಹಾಕಿ ಹುರಿದು ತಟ್ಟೆಯಲ್ಲಿ ತಂದಿಟ್ಟರು. ನಾವು ಗೊಬ್ಬರಕ್ಕೆ ಹಾಕುವುದನ್ನು ಅವರು ನೆಂಚಿಕೊಳ್ಳುತ್ತಿದ್ದರು. ನಾಲ್ಕು ಲೋಟ ಇಳಿದ ಮೇಲೆ ನಾನೂ ನೆಂಚಿಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಶಿಮುರ ಒಬ್ಬರೇ ನನ್ನ ಖಾಲಿ ಲೋಟವನ್ನು ನೋಡುತ್ತಿದ್ದರು.

ಹಿಮ ಬಿದ್ದ ದಿನಗಳು

ಚಳಿಗಾಲ ಬಂತು. ಹುಳು ಸಾಕಣೆ ನಿಂತಿತ್ತು, ತಟ್ಟೆಗಳನ್ನೆಲ್ಲ ತೊಳೆದು ಜೋಡಿಸಿ ಇಟ್ಟಿದ್ದರು. ಒಂದು ದಿನ ಶಿಮುರ ನನ್ನನ್ನು ಕೂರಿಸಿಕೊಂಡು ಕೇಳಿದರು, "ಪ್ರತಿದಿನ?" ನಾನು ಹೌದೆಂದೆ. ಅವರು ಬೈಯಲಿಲ್ಲ. ನಾಚಿಕೆಯಾಗಿ ನಾನೇ ಆ ದಿನವೇ ಬಿಟ್ಟೆ.

ಹಾಗೆ ಒಮ್ಮೆಲೇ ಬಿಡಬಾರದೆಂದು ನನಗೆ ಗೊತ್ತಿರಲಿಲ್ಲ. ಮೊದಲ ದಿನ ಬೆವರು. ಎರಡನೇ ದಿನ ಚಮಚ ಹಿಡಿಯಲಾಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಸಾಕಣೆ ಮನೆಗೆ ಹೋದರೆ ಗೋಡೆಯ ಮೇಲೆಲ್ಲ ಹುಳುಗಳು. ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿದ ಹುಳುಗಳು, ಬೆರಳು ಗಾತ್ರದವು, ಹಸಿದು ತಲೆ ಎತ್ತಿ ಆಡಿಸುತ್ತಿವೆ. ಹೊರಗೆ ಹಿಮ, ಒಂದು ಎಲೆಯೂ ಇಲ್ಲ, ಇವು ಸಾಯುತ್ತವಲ್ಲ ಎಂದು ದಿಗಿಲಾಯಿತು. ತಟ್ಟೆ ಎಳೆದು ಒಂದೊಂದನ್ನೇ ಬಿಡಿಸಿ ಹಾಕತೊಡಗಿದೆ. ಎಷ್ಟು ತೆಗೆದರೂ ಮುಗಿಯುತ್ತಿಲ್ಲ.

ಶಿಮುರ ಬಂದು ನೋಡಿದಾಗ ನಾನು ಬರೀ ಗೋಡೆಯನ್ನು ಕೆರೆಯುತ್ತಿದ್ದೆನಂತೆ. ಉಗುರುಗಳಲ್ಲಿ ರಕ್ತ ಬಂದಿತ್ತು. ಅವರು ಹತ್ತಿರ ಬರುವಷ್ಟರಲ್ಲಿ ಫಿಟ್ಸ್ ಬಂದು ಬಿದ್ದೆ.

ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ, ನನ್ನನ್ನು ಊರಿಗೆ ಅಟ್ಟುತ್ತಾರೆ. ವಿಮಾನ ಯಾವಾಗ ಎಂದು ಶಿಮುರರನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ಡಾಕ್ಟರನ್ನು ಕೇಳಿ ಬಂದು, "ಬ್ಯೋಕಿ," ಎಂದರು. ಆಮೇಲೆ ಇಂಗ್ಲಿಷಿನಲ್ಲಿ, "ಇದು ಕಾಯಿಲೆ. ಕಾಯಿಲೆಗೆ ಆಸ್ಪತ್ರೆ. ವಿಮಾನ ಯಾಕೆ?" ಎಂದರು.

ನನ್ನ ಜೇಬಿನಿಂದ ಆ ವಿಮೆ ಚೀಟಿಯನ್ನು ತೆಗೆದುಕೊಂಡು ಹೋಗಿ ಕೌಂಟರಿನಲ್ಲಿ ತೋರಿಸಿದರು. ಖರ್ಚಿನ ಒಂದು ಪಾಲು ರೋಗಿಯದು, ಉಳಿದದ್ದು ವಿಮೆಯದು. ನನ್ನ ಪಾಲನ್ನು ತರಬೇತಿ ಕೇಂದ್ರ ಕಟ್ಟಿತು. ಕೌಂಟರಿನವರು ಕೇಳಿದ್ದು ಒಂದೇ, ಹೆಸರನ್ನು ಹೇಗೆ ಉಚ್ಚರಿಸಬೇಕು ಎಂದು.

ಎರಡನೇ ಮಹಡಿ

ವಾರ್ಡಿನಲ್ಲಿ ಇಪ್ಪತ್ತು ಜನ ಇದ್ದೆವು. ಒಬ್ಬ ಶಾಲಾ ಮೇಷ್ಟರು, ಒಬ್ಬ ಲಾರಿ ಡ್ರೈವರ್, ಒಬ್ಬ ಬ್ಯಾಂಕಿನವನು. ಎಲ್ಲರಿಗೂ ಒಂದೇ ಬಣ್ಣದ ಪೈಜಾಮ. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು, ಕುಡಿದರೆ ಮೈಗೆ ಆಗದಂತೆ ಮಾಡುವ ಒಂದು ಔಷಧಿಯನ್ನು ನರ್ಸಿನ ಎದುರಿಗೇ ಕುಡಿಯಬೇಕು. ಆಮೇಲೆ ಅವರವರ ನೆಲ ಅವರವರು ಒರೆಸಬೇಕು. ಮಧ್ಯಾಹ್ನ ಬೆಟ್ಟದ ದಾರಿಯಲ್ಲಿ ನಡಿಗೆ. ಬೀಗ ಎಲ್ಲೂ ಇರಲಿಲ್ಲ.

ಜಪಾನನ್ನು ಹೊಗಳಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ನನ್ನ ಪಕ್ಕದ ಹಾಸಿಗೆಯ ಮಿಯಾತಾ ಎಂಬ ಮುದುಕ ಬಡಗಿಯ ಹೆಂಡತಿ ಅಕ್ಕಪಕ್ಕದವರಿಗೆಲ್ಲ, ಗಂಡ ದೂರದ ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ದಾನೆ ಎಂದು ಹೇಳಿದ್ದಳು. ಸುಳ್ಳು ಗೊತ್ತಾಗದಿರಲಿ ಎಂದು ಒಮ್ಮೆಯೂ ನೋಡಲು ಬರಲಿಲ್ಲ. ಬ್ಯಾಂಕಿನವನು ಮೂರನೇ ವಾರ ಹೇಳದೆ ಹೋದವನು ರೈಲು ನಿಲ್ದಾಣದ ಬೆಂಚಿನ ಮೇಲೆ ಸಿಕ್ಕಿದ, ಮತ್ತೆ ತಂದು ಮಲಗಿಸಿದರು. ನಾಚಿಕೆ ಅಲ್ಲೂ ನಮ್ಮಲ್ಲಿದ್ದಷ್ಟೇ ಇತ್ತು. ಆದರೆ ನಾಚಿಕೆಗೆ ಒಂದು ಹಾಸಿಗೆಯನ್ನೂ ಕೊಟ್ಟಿದ್ದರು.

ಪ್ರತಿ ಬುಧವಾರ ಎಲ್ಲರೂ ಸುತ್ತ ಕೂತು, ತಾವು ಕುಡಿದು ಏನೇನು ಮಾಡಿದೆವು ಎಂದು ಒಬ್ಬೊಬ್ಬರೇ ಹೇಳಬೇಕು. ಕೇಳುವವರು ಮಧ್ಯೆ ಬಾಯಿ ಹಾಕಬಾರದು. ನನ್ನ ಸರದಿ ಬಂದಾಗ ನನಗೆ ಗೊತ್ತಿದ್ದ ಜಪಾನಿ ಮಾತುಗಳು ಎರಡೇ ನಿಮಿಷದಲ್ಲಿ ಮುಗಿದವು. ನರ್ಸ್ ಕೈಸನ್ನೆ ಮಾಡಿ, ನಿನ್ನ ಭಾಷೆಯಲ್ಲೇ ಹೇಳು ಎಂದಳು.

ಹೇಳಿದೆ. ಮೊದಲು ನಾಟಕದ ಹಾಗಿತ್ತು, ಆಮೇಲೆ ನಿಲ್ಲಿಸಲಾಗಲಿಲ್ಲ. ಗೋಪಿ ಐಟಿಐ ಪಾಸಾದ ವಾರ ಅವನನ್ನು ಅಂಬಾಜಿದುರ್ಗದ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದು. "ಬೇಡ ಬಾವ, ಅಕ್ಕಂಗೆ ಗೊತ್ತಾದ್ರೆ ಬೇಜಾರ್ ಮಾಡ್ಕೊಂತಾಳೆ," ಎಂದು ಅವನು ಲೋಟ ಹಿಂದೆ ತಳ್ಳಿದ್ದು. "ಕುಡಿಯೋ, ಹೆಂಗಸಿನ ಥರ ಆಡ್ಬೇಡ," ಎಂದು ನಾನು ಅವನ ಕೈಗೆ ತುರುಕಿದ್ದು. ಆ ವಿಷಯ ತಿಳಿದು ಜಗಳವಾಡಿದ ಸರೋಜಾಳ ಮೇಲೆ ಕೈ ಎತ್ತಿದ್ದು. ಕನ್ನಡದಲ್ಲಿ ಶುರುವಾದ ಮಾತು ತೆಲುಗಿಗೆ ಹೋಗಿ ಮತ್ತೆ ಕನ್ನಡಕ್ಕೆ ಬರುತ್ತಿತ್ತು. ಒಂದು ಅಕ್ಷರವೂ ಅರ್ಥವಾಗದ ಜನ ಮೊಣಕಾಲ ಮೇಲೆ ಕೈಯಿಟ್ಟು ಮುಕ್ಕಾಲು ಗಂಟೆ ಕೇಳಿದರು. ಅರ್ಥವಾಗುವ ಊರಿನಲ್ಲಿ ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಸಂಜೆ ನೆಲ ಒರೆಸುವಾಗ ಮಿಯಾತಾ ಕೇಳಿದರು, "ಗೋಪಿ ಯಾರು?" ನನ್ನ ಮಾತಿನಲ್ಲಿ ಅವರಿಗೆ ಹಿಡಿದಿದ್ದು ಆ ಹೆಸರೊಂದೇ. ಹೆಂಡತಿಯ ತಮ್ಮ ಎಂದೆ. ಬದುಕಿದ್ದಾನೆಯೇ ಎಂದರು. ಬದುಕಿದ್ದಾನೆ ಎಂದೆ. ಬಟ್ಟೆ ಹಿಂಡುತ್ತಾ, "ಹಾಗಾದರೆ ಬೇಗ ಹೋಗು," ಎಂದರು.

ಸರೋಜಾಳಿಗೆ ಎಲ್ಲವನ್ನೂ ಬರೆದೆ. ಉತ್ತರ ಬರಲು ಮೂರು ವಾರ ಹಿಡಿಯಿತು. ನನ್ನ ಆರೋಗ್ಯದ ಬಗ್ಗೆ ಎರಡು ಸಾಲಿತ್ತು. ಉಳಿದದ್ದು ಇಷ್ಟು: "ಅಲ್ಲಿ ಇದನ್ನ ಕಾಯಿಲೆ ಅಂತಾರೆ ಅಂತ ಬರೆದಿದೀರ. ಹಾಗಾದ್ರೆ ಗೋಪಿಗೂ ಅದೇ ಕಾಯಿಲೆ. ಅವನ ಸಂಬಳದಲ್ಲೂ ತಿಂಗಳು ತಿಂಗಳು ವಿಮೆಗೆ ಅಂತ ಹಿಡೀತಾರೆ. ನೀವು ಬಂದ ಮೇಲೆ ಹೋಗಿ ಕೇಳೋಣ."

ಮತ್ತೆ ಚಿಕ್ಕಬಳ್ಳಾಪುರ

ತರಬೇತಿ ಮುಗಿಸಿ ಬಂದೆ. ನನಗಿಂತ ಮೊದಲೇ ತರಬೇತಿ ಕೇಂದ್ರದ ಒಂದು ಪತ್ರ ಬಂದಿತ್ತು. ನಿಮ್ಮವರು ಮದ್ಯದ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದರು, ಈಗ ಗುಣವಾಗಿದ್ದಾರೆ, ಅಭಿನಂದನೆಗಳು ಎಂದು ಮನಸ್ಸಿಟ್ಟು ಬರೆದಿದ್ದರು. ಮೇಲಿನ ಅಧಿಕಾರಿಯೊಬ್ಬರು ನನ್ನನ್ನು ಚಿಕ್ಕಬಳ್ಳಾಪುರಕ್ಕೆ ಕರೆಸಿದರು.

"ಏನಪ್ಪಾ, ಇಲ್ಲಿ ಕುಡಿಯೋದು ಸಾಲ್ದೆ ಜಪಾನಿಗೆ ಹೋಗಿ ಕುಡಿದು ಮಲಗಿ ಬಂದ್ಯಂತೆ."

"ಕಾಯಿಲೆ ಆಗಿತ್ತು ಸಾರ್. ಈಗ ಬಿಟ್ಟಿದೀನಿ."

"ಕಾಯಿಲೆನಾ? ನಮ್ಮ ಬೀದಿಲಿ ಅರ್ಧ ಜನಕ್ಕೆ ಇದೆ ಬಿಡು ಹಂಗಾದ್ರೆ." ಸುತ್ತ ಇದ್ದವರೆಲ್ಲ ನಕ್ಕರು. ಪತ್ರ ನನ್ನ ಸೇವಾ ಪುಸ್ತಕ ಸೇರಿತು. ಬಡ್ತಿಯ ಮಾತು ಬಂದಾಗಲೆಲ್ಲ ಅದನ್ನು ತೆಗೆದು ಓದುತ್ತಾರೆ.

ನನಗೆ ಅಷ್ಟು ನೋವಾಗಲಿಲ್ಲ. ನನಗೆ ಬೇಕಾದದ್ದು ಸಿಕ್ಕಾಗಿತ್ತು.

ಗೌರಿಬಿದನೂರು

ಗೋಪಿ ವರ್ಷದಲ್ಲಿ ಅರ್ಧ ಆಗಿದ್ದ. ಕೆನ್ನೆ ಒಳಗೆ ಹೋಗಿ ಹೊಟ್ಟೆ ಮುಂದೆ ಬಂದಿತ್ತು. ನನ್ನನ್ನು ನೋಡಿ, "ಬಾವಾ, ಬಿಟ್ಟೇ ಬಿಟ್ರಂತೆ. ನನ್ನ ಒಬ್ನೇ ಮಾಡ್ಬಿಟ್ರಲ್ಲ," ಎಂದು ನಗಲು ನೋಡಿದ.

ಗಿರಣಿಯ ಕಾರ್ಮಿಕರಿಗೆ ಸರ್ಕಾರಿ ವಿಮೆ ಇತ್ತು, ವಿಮೆಯ ದವಾಖಾನೆ ಇತ್ತು, ಅವನ ಹೆಸರಿನ ಕಾರ್ಡೂ ಇತ್ತು. ನಾವು ಮೂವರೂ ಹೋದೆವು. ಅಲ್ಲಿದ್ದ ಖಲೀಲ್ ಡಾಕ್ಟರು ಒಳ್ಳೆಯವರು. ನನ್ನ ಜಪಾನಿನ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು.

"ನೀವು ಹೇಳೋದು ಸರಿ. ನಾನೂ ಓದಿದೀನಿ," ಎಂದರು. "ಆದ್ರೆ ಚೀಟಿಲಿ ಕುಡಿತ ಅಂತ ಬರೆದ್ರೆ, ತಾನೇ ತಂದ್ಕೊಂಡಿದ್ದು ಅಂತ ಮೇಲಿಂದ ವಾಪಸ್ ಬರುತ್ತೆ. ರಜಾನೂ ಸಿಗಲ್ಲ. ಮಿಲ್ಲಿಗೂ ಗೊತ್ತಾಗುತ್ತೆ. ಹೊಟ್ಟೆ ಉರಿ ಅಂತ ಬರೀತೀನಿ. ಮೂರು ದಿನ ಮಲಗಿಸ್ಬೋದು."

"ಮೂರು ದಿನದಲ್ಲಿ ಆಗಲ್ಲ ಡಾಕ್ಟ್ರೇ. ತಿಂಗಳು ಬೇಕು."

"ಗೊತ್ತು," ಎಂದು ಹೊಟ್ಟೆ ಉರಿ ಎಂದು ಬರೆದರು.

ಮೂರು ದಿನ ಸಲೈನ್ ಹಾಕಿ ಕಳಿಸಿದರು. ನಾಲ್ಕನೇ ದಿನ ಅವನು ಕುಡಿದಿದ್ದ. ಒಂದೂವರೆ ವರ್ಷದಲ್ಲಿ ಹೀಗೆ ಐದು ಸಲ ಆಯಿತು, ಐದು ಸಲವೂ ವಿಮೆ ಹೊಟ್ಟೆ ಉರಿಗೆ ಹಣ ಕೊಟ್ಟಿತು.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕುಡಿತಕ್ಕೆಂದೇ ವಾರ್ಡಿದೆ ಎಂದು ತಿಳಿಯಿತು. ಕೊನೆಗೆ ಅವನನ್ನು ಅಲ್ಲಿಗೆ ಸೇರಿಸಿದೆವು. ನಾಲ್ಕು ವಾರ ಇರಬೇಕೆಂದರು. ರಜೆಗೆ ಬೇಕಾದ ಸರ್ಟಿಫಿಕೇಟನ್ನು ವಿಮೆಯವರು ಕೊಡಲಿಲ್ಲ, ಕಾಯಿಲೆಗಳ ಪಟ್ಟಿಯಲ್ಲಿ ಅದು ಇರಲಿಲ್ಲವಂತೆ. ಹತ್ತನೇ ದಿನ ಮಿಲ್ಲಿನ ನೋಟೀಸು ಬಂತು, ಮೂರು ದಿನದೊಳಗೆ ಹಾಜರಾಗದಿದ್ದರೆ ಕೆಲಸವಿಲ್ಲ ಎಂದು. ನಾನು ಹೋದಾಗ ಗೋಪಿ ಹಾಸಿಗೆಯ ಮೇಲೆ ಕೂತು ಪೇಪರ್ ಓದುತ್ತಿದ್ದ. ವರ್ಷಗಳ ಮೇಲೆ ಅವನ ಮುಖ ತೊಳೆದ ಹಾಗೆ ಕಂಡಿತು.

"ಕೆಲಸ ಹೋದ್ರೆ ಹೋಗ್ಲಿ, ಇರೋ," ಎಂದೆ.

"ಕೆಲಸ ಬಿಟ್ರೆ ನನ್ಹತ್ರ ಏನೈತೆ ಬಾವ?" ಎಂದು ನೋಟೀಸನ್ನು ಮಡಚಿಟ್ಟುಕೊಂಡ. "ಆ ಮಿಷಿನ್‌ಗಳೇ ನನ್ಗೆ ಎಲ್ಲ. ಹತ್ತು ದಿನ ಆಯ್ತಲ್ಲ, ಸಾಕು. ಇನ್ನು ನಾನೇ ನೋಡ್ಕೊಂತೀನಿ." ನನ್ನ ಜೊತೆಗೇ ಬಸ್ಸು ಹತ್ತಿ ಬಂದ. ಕಿಟಕಿಯ ಪಕ್ಕ ಕೂತು, ಜಪಾನಿನಲ್ಲಿ ನಿಮ್ಮ ಕೆಲಸ ಯಾಕೆ ಹೋಗಲಿಲ್ಲ ಎಂದು ಕೇಳಿದ. ಅವರು ನನ್ನನ್ನು ರೋಗಿ ಎಂದು ಬರೆದುಕೊಂಡರು ಎಂದೆ. "ನಮ್ಮವ್ರು ನಂದು ಹೊಟ್ಟೆ ಉರಿ ಅಂತ ಬರೆದ್ರು," ಎಂದು ನಕ್ಕ.

ಹನ್ನೊಂದು ದಿನ ತಡೆದ. ಆಮೇಲೆ ತಡೆಯಲಾಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕಣ್ಣು ಹಳದಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿತು. ಈಗ ಅದು ಲಿವರ್ ಕಾಯಿಲೆ. ಲಿವರ್ ಪಟ್ಟಿಯಲ್ಲಿತ್ತು. ವಿಮೆಯವರೇ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು, ಆಂಬುಲೆನ್ಸ್ ಕೊಟ್ಟರು, ಬಾಟಲಿ ಬಾಟಲಿ ಔಷಧಿ ಕೊಟ್ಟರು. ರಜೆಗೂ ಯಾವ ತಕರಾರಿರಲಿಲ್ಲ. ನಲವತ್ತು ದಿನ ಇಟ್ಟುಕೊಂಡರು. ಮೊದಲೇ ಅಷ್ಟು ದಿನ ಕೊಟ್ಟಿದ್ದರೆ ಎಂದು ಸರೋಜಾ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಗೋಪಿ ಒಂದು ಬೆಳಿಗ್ಗೆ ಅವಳ ಕೈಯಲ್ಲಿ ಕಾಫಿ ಕುಡಿದು, ಬಿಸಿ ಸಾಲದು ಎಂದು ಹೇಳಿ, ಮಲಗಿದವನು ಏಳಲಿಲ್ಲ. ಮೂವತ್ತೆರಡು ವರ್ಷ.

ವಿಮೆಯ ಕಚೇರಿ

ವಿಮೆಯಲ್ಲಿ ಅಂತ್ಯಕ್ರಿಯೆಯ ಖರ್ಚಿಗೂ ಹಣ ಇದೆಯಂತೆ. ಗೋಪಿ ನಾಮಿನಿ ಎಂದು ಅಕ್ಕನ ಹೆಸರು ಬರೆದಿದ್ದರಿಂದ ಸರೋಜಾಳನ್ನು ಕರೆಸಿದರು. ಗುಮಾಸ್ತ ಕುರ್ಚಿ ಎಳೆದು ಕೂರಿಸಿದ. ಅವನೇ ಅರ್ಜಿ ತುಂಬಿದ.

"ಇದಕ್ಕೆ ಏನೂ ತೊಂದ್ರೆ ಇಲ್ಲಮ್ಮ. ಬೇಗ ಆಗ್ಬಿಡುತ್ತೆ."

"ಬದುಕಿದ್ದಾಗ ಯಾಕಾಗ್ಲಿಲ್ಲ?" ಎಂದಳು ಸರೋಜಾ.

"ಅದು ಬೇರೆ ಸೆಕ್ಷನ್ನಮ್ಮ," ಎಂದ ಅವನು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನಿಜವಾಗಿಯೂ ಅದು ಬೇರೆ ಸೆಕ್ಷನ್ನೇ ಇರಬೇಕು.

ಅವಳು ಅರ್ಜಿಯನ್ನು ಹತ್ತಿರ ಎಳೆದುಕೊಂಡು ಪೂರ್ತಿ ಓದಿದಳು. ಸಾವಿಗೆ ಕಾರಣ ಎಂಬಲ್ಲಿ ಗುಮಾಸ್ತ ಲಿವರ್ ಕಾಯಿಲೆ ಎಂದು ಬರೆದಿದ್ದ. ಸರೋಜಾ ಅದನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ 'ಕುಡಿತದ ಕಾಯಿಲೆ' ಎಂದು ಬರೆದು ಸಹಿ ಮಾಡಿದಳು.

"ಹೀಗ್ ಬರೆದ್ರೆ ವಾಪಸ್ ಬರುತ್ತಮ್ಮ."

"ಬರ್ಲಿ ಬಿಡಿ."

ಎರಡು ತಿಂಗಳಾದ ಮೇಲೆ ಅರ್ಜಿ ಅಂಚೆಯಲ್ಲಿ ವಾಪಸು ಬಂತು. 'ಕಾರಣವನ್ನು ಸರಿಪಡಿಸಿ ಕಳುಹಿಸುವುದು' ಎಂದು ಮೇಲೆ ಬರೆದಿದ್ದರು. ನಾವು ಸರಿಪಡಿಸಲಿಲ್ಲ.